ಬೆಲ್ ಒತ್ತಿದರೆ ಬೆಂಗಳೂರು ಯಾಕೆ ಮಾತಾಡಬೇಕು?

ಹೋದ ತಿಂಗಳು ತಿಪಟೂರು ತಾಲ್ಲೂಕಿನಲ್ಲಿರುವ ನಮ್ಮ ದೊಡ್ಡಮ್ಮನ ತೋಟದ ಮನೆಗೆ ಹೋಗಿದ್ದೆವು. ಗೇಟಿಗೆ ಒಳಗಿನಿಂದ ಬೀಗ ಹಾಕಿತ್ತು. ಕಂಬದ ಮೇಲೆ ಹೊಸದಾಗಿ ಒಂದು ಕಪ್ಪು ಪೆಟ್ಟಿಗೆ ಕೂರಿಸಿದ್ದರು. ಅದರ ಗುಂಡಿ ಒತ್ತಿದೆವು. ಗುಂಡಿಯ ಸುತ್ತ ನೀಲಿ ದೀಪ ತಿರುಗಿತು. ಸ್ವಲ್ಪ ಹೊತ್ತಾದ ಮೇಲೆ ಪೆಟ್ಟಿಗೆಯೊಳಗಿಂದ ಗಂಡಸಿನ ದನಿ ಬಂತು.

"ಹಲೋ, ಯಾರು? ಏನಾಗಬೇಕಿತ್ತು?"

ಅದು ದೊಡ್ಡಮ್ಮನ ಮಗ, ನಮಗೆ ಅಣ್ಣನಾಗಬೇಕು. ಬೆಂಗಳೂರಿನ ಆಫೀಸಿನಲ್ಲಿ ಕೂತು ಮಾತಾಡುತ್ತಿದ್ದ. ನಾವು ಹೆಸರು ಹೇಳಿದೆವು.

"ಓ, ನೀನೇನೋ! ಅಮ್ಮ ಹಿತ್ತಲಲ್ಲಿರಬೇಕು. ಜೋರಾಗಿ ಕೂಗು, ಕೇಳಿಸುತ್ತೆ."

ಕೂಗಿದೆವು. ಮೊದಲು ನಾಯಿ ಬಂತು, ಆಮೇಲೆ ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಗೇಟಿಗೆ ಯಾರೋ ಬಂದಿದ್ದಾರೆ ಅನ್ನೋದು ಮನೆಯಲ್ಲಿದ್ದ ಅವರಿಗೆ ಗೊತ್ತಿರಲಿಲ್ಲ. ಸುಮಾರು ನೂರೈವತ್ತು ಕಿಲೋಮೀಟರ್ ಆಚೆ ಇದ್ದ ಮಗನಿಗೆ ಗೊತ್ತಿತ್ತು. ಈ ಬರಹ ಅದರ ಮೇಲಿನ ಜಗಳ.

ಮೊದಲೇ ಹೇಳಿಬಿಡುತ್ತೇವೆ, ಹಳೇ ಇಂಟರ್‌ಕಾಮನ್ನು ಬದಲಾಯಿಸಲೇಬಾರದಿತ್ತು ಅಂತ ನಾವು ಹೇಳುತ್ತಿಲ್ಲ. ಆ ಇಂಟರ್‌ಕಾಮ್ ಹಾಕಿಸಿದ್ದು ದೊಡ್ಡಪ್ಪ, ಇಪ್ಪತ್ತು ವರ್ಷದ ಹಿಂದೆ. ಮನೆ ತೆಂಗಿನ ತೋಟದ ನಡುವೆ ಇದೆ, ಗೇಟು ರಸ್ತೆ ಪಕ್ಕ. ಗೇಟಿನಿಂದ ಜಗಲಿಗೆ ನಡೆದೇ ಬರಬೇಕು. ಗೇಟಿನ ಕಂಬದಲ್ಲಿ ಒಂದು ಗುಂಡಿ, ಒಂದು ಸಣ್ಣ ಜಾಲರಿ. ಅಡುಗೆಮನೆ ಬಾಗಿಲ ಪಕ್ಕ ಗೋಡೆಗೆ ಬಿಳೀ ರಿಸೀವರ್. ಗುಂಡಿ ಒತ್ತಿದರೆ ಒಳಗೆ ಕಿರ್ರ್ ಅನ್ನುತ್ತಿತ್ತು. ದೊಡ್ಡಮ್ಮ ಒಂದು ಕೈಲಿ ಸೌಟು ಹಿಡಿದುಕೊಂಡೇ ಇನ್ನೊಂದು ಕೈಲಿ ರಿಸೀವರ್ ಎತ್ತಿ, "ಯಾರಪ್ಪಾ?" ಅನ್ನುತ್ತಿದ್ದರು. ಬಂದವರ ದನಿ ಕೇಳಿದರೆ ಸಾಕಿತ್ತು, ಅವರಿಗೆ ಇಡೀ ಹೋಬಳಿಯ ದನಿಗಳ ಪರಿಚಯ.

ಮಳೆಗಾಲದಲ್ಲಿ ಅದು ಗುಂಯ್ ಅನ್ನುತ್ತಿತ್ತು. ಜಾಲರಿಯೊಳಗೆ ಇರುವೆ ಗೂಡು ಕಟ್ಟುತ್ತಿದ್ದವು. ಹೋದ ವರ್ಷ ಸಿಡಿಲು ಹೊಡೆದು ಪೂರ್ತಿ ಸತ್ತಿತು. ರಿಪೇರಿಗೆ ಒಯ್ದರೆ ಪೇಟೆಯಲ್ಲಿ ಯಾರೂ ಬಿಚ್ಚಿ ನೋಡಲೂ ಇಲ್ಲ, "ಇದರ ಸ್ಪೇರ್ ಬರಲ್ಲ ಸಾರ್" ಅಂದರು. ಬದಲಾಯಿಸಲೇಬೇಕಿತ್ತು. ಒಬ್ಬಂಟಿ ಹೆಂಗಸು ಗೇಟಿನಲ್ಲಿ ನಿಂತವರ ಮುಖ ನೋಡಿ ಆಮೇಲೆ ಬೀಗ ತೆಗೆಯುವುದು ಒಳ್ಳೆಯದೇ. ಅಣ್ಣ ತಪ್ಪಿದ್ದು ಆಮೇಲೆ.

ಮೊದಲ ಸಲ ಆನ್‌ಲೈನಿನಲ್ಲಿ ಹೊರದೇಶದ ಒಂದು ವಿಡಿಯೊ ಡೋರ್‌ಬೆಲ್ ತರಿಸಿದ. ಪೆಟ್ಟಿಗೆಯ ಮೇಲೆ "ಇರುವ ಬೆಲ್ ವೈರಿಗೇ ಜೋಡಿಸಿ" ಅನ್ನೋ ಅರ್ಥದ ಮಾತಿತ್ತಂತೆ. ಊರಿನ ವೈರಿಂಗ್ ಹುಡುಗ ಗೇಟಿನ ಕಾಲಿಂಗ್ ಬೆಲ್ ಸ್ವಿಚ್ ಬಿಚ್ಚಿ ಅದೇ ವೈರಿಗೆ ಜೋಡಿಸಿದ. ಟಪ್ ಅಂತ ಸದ್ದಾಯಿತು, ಸುಟ್ಟ ವಾಸನೆ ಬಂತು, ಅಷ್ಟೇ. ತಪ್ಪು ಹುಡುಗನದ್ದಲ್ಲ. ಅಮೆರಿಕದ ಮನೆಗಳಲ್ಲಿ ಬೆಲ್ಲಿಗೆಂದೇ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಬೆಲ್ ವೈರಿನಲ್ಲಿ ಹರಿಯೋದು 16ರಿಂದ 24 ವೋಲ್ಟ್. ನಮ್ಮ ಕಡೆ ಕಾಲಿಂಗ್ ಬೆಲ್ ಸ್ವಿಚ್ಚಿಗೆ ಬರೋದು ನೇರ ಮೇನ್ ಲೈನಿನ 230 ವೋಲ್ಟ್. ಅಲ್ಲಿನ ಬೆಲ್ಲನ್ನು ಇಲ್ಲಿನ ವೈರಿಗೆ ಕೊಟ್ಟರೆ ಸುಡದೆ ಇನ್ನೇನಾಗುತ್ತದೆ? ಆ ಹುಡುಗನ ಕೈ ಒದ್ದೆ ಇರಲಿಲ್ಲ, ಪುಣ್ಯ. ಇದನ್ನು ಓದುತ್ತಿರುವ ಯಾರಾದರೂ ಇಂಥ ಪೆಟ್ಟಿಗೆ ತರಿಸಿಟ್ಟಿದ್ದರೆ, ಕಾಲಿಂಗ್ ಬೆಲ್ ವೈರಿಗೆ ಮುಟ್ಟಿಸುವ ಮೊದಲು ಅದರ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆಯೋ ನೋಡಿ.

ಎರಡನೇ ಸಲ ಬಂದದ್ದು ಈಗಿರುವ ಬ್ಯಾಟರಿ ಪೆಟ್ಟಿಗೆ. ಇದಕ್ಕೆ ವೈರೇ ಬೇಡ, ಇಂಟರ್‌ನೆಟ್ ಸಾಕು. ಅದಕ್ಕಂತಲೇ ಮನೆಗೆ ಇಂಟರ್‌ನೆಟ್ ಲೈನ್ ಎಳೆಸಿದ. ಗುಂಡಿ ಒತ್ತಿದರೆ ಸುದ್ದಿ ಕಂಪನಿಯ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಆ್ಯಪ್ ಇರುವ ಫೋನಿಗೆ ಬರುತ್ತದೆ. ಆ್ಯಪ್ ಇರೋದು ಅಣ್ಣನ ಫೋನಿನಲ್ಲಿ. ದೊಡ್ಡಮ್ಮನ ಹತ್ತಿರ ಇರೋದು ಗುಂಡಿ ಒತ್ತುವ ಹಳೇ ಫೋನು. ಒಳಗೊಂದು ಸಣ್ಣ ಗಂಟೆ ಇಟ್ಟಿದ್ದಾನೆ, ಕರೆಂಟ್ ಹೋದರೆ ಅದೂ ಕೂಗಲ್ಲ. ತೋಟದ ಲೈನಿನಲ್ಲಿ ಕರೆಂಟ್ ಯಾವಾಗ ಇರುತ್ತೆ ಯಾವಾಗ ಹೋಗುತ್ತೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ಅಲ್ಲಿಗೆ ದೊಡ್ಡಮ್ಮನ ಗೇಟು ಅವರ ಕೈಬಿಟ್ಟು ಹೋಯಿತು. ಏನೇನಾಯಿತು ಅಂತ ಆವತ್ತು ಕಾಫಿ ಕುಡಿಯುತ್ತಾ ಒಂದೊಂದಾಗಿ ಹೇಳಿದರು, ನಗುತ್ತಲೇ ಹೇಳಿದರು.

ಸ್ವಸಹಾಯ ಸಂಘದ ಹೆಂಗಸರು ವಾರದ ಕಂತಿಗೆ ಬರುತ್ತಿದ್ದರು. ಎರಡು ಸಲ ಪೆಟ್ಟಿಗೆಯೊಳಗಿನ ಗಂಡಸು "ಏನ್ ವಿಷಯ?" ಅಂತ ಕೇಳಿದ. ಮೂರನೇ ವಾರದಿಂದ ಮೀಟಿಂಗ್ ಬೇರೆಯವರ ಮನೆ ಜಗಲಿಗೆ ಹೋಯಿತು. ಸಾಲದ ಮಾತು, ಗಂಡನ ಕುಡಿತದ ಮಾತು, ಮಗಳ ಬಾಣಂತನದ ಮಾತು ಆಡುತ್ತಾ ಬರುವ ಹೆಂಗಸರು ಕ್ಯಾಮೆರಾ ಮುಂದೆ ನಿಂತು ಏನಂತ ಹೇಳಬೇಕು?

ಮೂವತ್ತು ವರ್ಷದಿಂದ ಇದೇ ತೋಟಕ್ಕೆ ಕೆಲಸಕ್ಕೆ ಬರುವ ಒಬ್ಬಾಕೆ ಮಧ್ಯಾಹ್ನ ಮಜ್ಜಿಗೆಗೆ ಅಂತ ಬಂದರೆ, ಪೆಟ್ಟಿಗೆ "ಯಾರು ನೀನು? ಈ ಹೊತ್ನಲ್ಲಿ ಏನ್ ಕೆಲ್ಸ?" ಅಂತು. ಅಣ್ಣನಿಗೆ ಬಿಸಿಲಿನಲ್ಲಿ ಮುಖ ಸರಿಯಾಗಿ ಕಂಡಿರಲಿಲ್ಲವಂತೆ. ಆಕೆ ವಾಪಸ್ ಹೋದರು. ಅಣ್ಣ ಕೂಸಾಗಿದ್ದಾಗ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ತೋಟ ಸುತ್ತಿದವರು ಅವರೇ. ಇದು ದೊಡ್ಡಮ್ಮನಿಗೆ ಗೊತ್ತಾದದ್ದು ಎರಡು ದಿನ ಆದಮೇಲೆ, ಬದುವಿನ ಮೇಲೆ.

ಕೊನೆಯದ್ದು ಕಾಯಿ ವ್ಯಾಪಾರದ್ದು. ದೊಡ್ಡಪ್ಪ ಹೋದ ಮೇಲೆ ತೋಟ ನಡೆಸುತ್ತಿರೋದು ದೊಡ್ಡಮ್ಮನೇ. ಕಾಯಿ ಕೆಡವಿಸೋದು, ಲೆಕ್ಕ ಇಡೋದು, ಯಾವುದನ್ನು ಕೊಬ್ಬರಿಗೆ ಅಟ್ಟಕ್ಕೆ ಹಾಕಬೇಕು, ಯಾವುದನ್ನು ಹಸಿಯಾಗಿ ಮಾರಬೇಕು ಅನ್ನೋದು, ಎಲ್ಲ ಅವರದ್ದೇ. ವ್ಯಾಪಾರದವರು ಗೇಟಿಗೆ ಬಂದರೆ ಮುಂಚೆ ರಿಸೀವರ್‌ನಲ್ಲೇ ಅರ್ಧ ಚೌಕಾಸಿ ಮುಗಿಸುತ್ತಿದ್ದರು. ಈ ಸಲ ವ್ಯಾಪಾರಿ ಬಂದ, ಗುಂಡಿ ಒತ್ತಿದ, ಅಣ್ಣ ಸಿಕ್ಕಿದ. ಅಲ್ಲೇ ದರ ಮಾತಾಡಿದರು. ಆಮೇಲೆ ದೊಡ್ಡಮ್ಮ ಗೇಟಿಗೆ ಬಂದರೆ, "ಮಗನ ಹತ್ರಾನೇ ಮಾತಾಡಿದೀನಿ ಬಿಡಿ ಅಮ್ಮಾ, ನೀವು ಯಾಕೆ ಬಿಸಿಲಲ್ಲಿ ಬಂದ್ರಿ" ಅಂದನಂತೆ.

"ದರ ಏನೋ ಒಂದು ರೂಪಾಯಿ ಆಚೆ ಈಚೆ. ಹೋಗ್ಲಿ ಬಿಡು. ಆದ್ರೆ ನಾನು ಮನೇಲಿ ಇದ್ದೀನಲ್ಲೋ?" ಅಂದರು ದೊಡ್ಡಮ್ಮ. ಆಗ ಮಾತ್ರ ನಗಲಿಲ್ಲ.

ಅಣ್ಣನ ವಾದ ನಮಗೆ ಗೊತ್ತು. ಫೋನಿನಲ್ಲಿ ಒಂದು ಗಂಟೆ ಜಗಳ ಆಡಿದ್ದೇವೆ. "ನೀನೇ ಬರೀತೀಯಲ್ಲೋ, ತೋಟದ ಮನೇಲಿ ಒಂಟಿ ವೃದ್ಧೆ, ಸರ ಕಿತ್ಕೊಂಡ್ರು, ಕೈಕಾಲು ಕಟ್ಟಿಹಾಕಿದ್ರು ಅಂತ. ಅದನ್ನ ಓದಿ ನಂಗೆ ಇಲ್ಲಿ ನಿದ್ದೆ ಬರಲ್ಲ." ಇದು ಸುಳ್ಳಲ್ಲ. ಅಂಥ ಸುದ್ದಿ ನಾವು ಬರೆದಿದ್ದೇವೆ, ಸ್ಥಳಕ್ಕೆ ಹೋಗಿ ಬರೆದಿದ್ದೇವೆ. ಆ ಮನೆಗಳ ಮುಂದೆ ನಿಂತಾಗ ನಮ್ಮ ಕಾಲೂ ನಡುಗಿದೆ. ಊರು ಬಿಟ್ಟು ಹೋದ ಮಕ್ಕಳ ಭಯವನ್ನು ಗೇಲಿ ಮಾಡುವ ಧೈರ್ಯ ನಮಗಿಲ್ಲ.

ಆದರೆ ಅಣ್ಣಾ, ಒಂದು ಲೆಕ್ಕ ಹಾಕು. ರಾತ್ರಿ ಎರಡು ಗಂಟೆಗೆ ಗೇಟಿನಲ್ಲಿ ಯಾರೋ ನಿಂತಿದ್ದು ನಿನ್ನ ಫೋನಿಗೆ ಬಂತು ಅಂತಿಟ್ಟುಕೋ. ನೀನು ಎಚ್ಚರ ಇರಬೇಕು. ಇದ್ದರೂ ನೀನು ಬಂದು ತಲುಪೋದು ಬೆಳಗಾದ ಮೇಲೆ. ನೀನು ಮಾಡಬಹುದಾದದ್ದು 112ಕ್ಕೆ ಫೋನು ಮಾಡೋದು, ಪಕ್ಕದ ತೋಟದವರನ್ನು ಎಬ್ಬಿಸೋದು. ಅದನ್ನು ದೊಡ್ಡಮ್ಮನೂ ಮಾಡಬಹುದು, ಇನ್ನೂ ಬೇಗ ಮಾಡಬಹುದು, ಗೇಟಿನಲ್ಲಿ ಯಾರಿದ್ದಾರೆ ಅಂತ ಅವರಿಗೆ ಕಂಡರೆ. ಅವರಿಗೇ ಕಾಣದ ಹಾಗೆ ಕ್ಯಾಮೆರಾ ಹಾಕಿ, ಅವರ ರಕ್ಷಣೆಗೆ ಹಾಕಿದ್ದೀನಿ ಅಂತೀಯಲ್ಲ! ಇನ್ನು ಪಕ್ಕದ ತೋಟದವರು. ನಿನ್ನ ಕಪ್ಪು ಪೆಟ್ಟಿಗೆಯ ಕಣ್ಣಿಗೆ ಅವರ ಮನೆ ಅಂಗಳ ಪೂರ್ತಿ ಕಾಣುತ್ತದೆ. ಅವರ ಮಗಳು ಎಷ್ಟೊತ್ತಿಗೆ ಬೈಕಿನಿಂದ ಇಳಿದಳು ಅನ್ನೋದೂ ನಿನ್ನ ಫೋನಿನಲ್ಲಿದೆ. ಅದು ಅವರಿಗೆ ಗೊತ್ತು. ಈಗ ಆ ಮನೆಯವರು ದೊಡ್ಡಮ್ಮನ ಜೊತೆ ಮೊದಲಿನಷ್ಟು ಮಾತಾಡಲ್ಲ. ಅರ್ಧರಾತ್ರಿ ಓಡಿ ಬರಬೇಕಾದವರು ಅವರೇ.

ಬಾಗಿಲಲ್ಲಿ ಯಾರಿದ್ದಾರೆ ಅಂತ ತೋರಿಸುವ ಕ್ಯಾಮೆರಾ ಯಾರ ತಲೆಯಲ್ಲಿ ಹುಟ್ಟಿತು ಅಂತ ಹುಡುಕುತ್ತಾ ಹೋದಾಗ ಒಬ್ಬ ಹೆಣ್ಣುಮಗಳು ಸಿಕ್ಕರು. ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅಂತ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಕಪ್ಪು ಜನಾಂಗದ ನರ್ಸ್. ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ಕೆಲಸದವರು. ಇಬ್ಬರದ್ದೂ ಹೊತ್ತುಗೊತ್ತಿಲ್ಲದ ಡ್ಯೂಟಿ, ಎಷ್ಟೋ ರಾತ್ರಿ ಅವರು ಮನೆಯಲ್ಲಿ ಒಬ್ಬರೇ. ಆ ಬೀದಿಗಳಲ್ಲಿ ಪೊಲೀಸರನ್ನು ಕರೆದರೆ ಬೇಗ ಬರುತ್ತಿರಲಿಲ್ಲ. ಅದಕ್ಕೆ ಗಂಡಹೆಂಡತಿ ಸೇರಿ ಒಂದು ಏರ್ಪಾಡು ಮಾಡಿದರು. ಬಾಗಿಲಿನಲ್ಲಿ ಒಂದರ ಕೆಳಗೊಂದು ಇಣುಕು ಕಿಂಡಿ. ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ. ಹೊರಗಿನವರ ಜೊತೆ ಮಾತಾಡಲು ಮೈಕು. ಕೂತಲ್ಲಿಂದಲೇ ಬಾಗಿಲ ಚಿಲಕ ತೆಗೆಯಲು ಗುಂಡಿ, ಅಪಾಯ ಅನಿಸಿದರೆ ಒತ್ತಲು ಇನ್ನೊಂದು. 1966ರಲ್ಲಿ ಅರ್ಜಿ ಹಾಕಿದರು, 1969ರ ಡಿಸೆಂಬರ್ 2ರಂದು ಪೇಟೆಂಟ್ ಸಿಕ್ಕಿತು.

ಅದರ ಪರದೆ ಇದ್ದದ್ದು ಅವರ ಮಲಗುವ ಕೋಣೆಯಲ್ಲಿ. ಮನೆಯೊಳಗೆ ಒಬ್ಬರೇ ಇದ್ದ ಹೆಂಗಸು ತಾನೇ ನೋಡಿ, ತಾನೇ ಮಾತಾಡಿ, ತೆಗೆಯಬೇಕೋ ಬೇಡವೋ ಅಂತ ತಾನೇ ತೀರ್ಮಾನಿಸಬೇಕು ಅಂತ ಮಾಡಿದ್ದು ಅದು. ಐವತ್ತು ವರ್ಷ ಕಳೆದ ಮೇಲೆ ಅದೇ ಯಂತ್ರವನ್ನು ತಂದು, ಪರದೆಯನ್ನು ಮಾತ್ರ ಆ ಹೆಂಗಸಿನ ಕೈಯಿಂದ ಕಿತ್ತು ಮಗನ ಜೇಬಿಗೆ ಹಾಕಿದ್ದೇವೆ.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ ಇದೆ. ತಾಲ್ಲೂಕು ಸುದ್ದಿಗಾರರ ವಾಟ್ಸ್‌ಆ್ಯಪ್ ಗುಂಪುಗಳಿಗೆ ದಿನಾ ಇಂಥ ಕ್ಯಾಮೆರಾಗಳ ವಿಡಿಯೊ ಬರುತ್ತವೆ. "ಅನುಮಾನಾಸ್ಪದ ವ್ಯಕ್ತಿ" ಅಂತ ಮೇಲೊಂದು ಸಾಲು. ಪಾತ್ರೆ ಮಾರುವವನೋ, ಕೂದಲು ಕೊಳ್ಳುವವಳೋ, ದಾರಿ ತಪ್ಪಿದ ಲಾರಿ ಡ್ರೈವರೋ ಯಾರಿಗೆ ಗೊತ್ತು? ಒಂದು ಕಾಲಂ ಸುದ್ದಿಗೆ ಸಿಗುವ ಕಾಸಿಗಾಗಿ ನಾವೂ ಅಂಥದ್ದನ್ನು ವಿಚಾರಿಸದೆ ಮುಂದೆ ಕಳಿಸಿದ್ದುಂಟು. ಕಳ್ಳತನದ ಸುದ್ದಿ ಬರೆದು ಭಯ ಹುಟ್ಟಿಸೋದು ನಾವು, ಆ ಭಯಕ್ಕೆ ಪೆಟ್ಟಿಗೆ ಮಾರೋದು ಕಂಪನಿ, ಪೆಟ್ಟಿಗೆಯ ವಿಡಿಯೊ ತಂದು ಮತ್ತೆ ಸುದ್ದಿ ಮಾಡೋದು ನಾವು.

2018ರ ಜುಲೈ ನೆನಪಿರಬೇಕು ನಿಮಗೆ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಕಾರಿನಲ್ಲಿ ಬಂದಿದ್ದ ಗೆಳೆಯರು ಮಕ್ಕಳಿಗೆ ಚಾಕಲೇಟ್ ಕೊಟ್ಟರು ಅನ್ನೋದೇ ನೆಪವಾಗಿ, ಮಕ್ಕಳ ಕಳ್ಳರು ಅಂತ ವಾಟ್ಸ್‌ಆ್ಯಪಿನಲ್ಲಿ ಸುದ್ದಿ ಹಬ್ಬಿ, ಹೈದರಾಬಾದಿನ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಗೊತ್ತಿಲ್ಲದ ಮುಖವನ್ನು ಫೋನಿಗೆ ಹಾಕುವುದು ಎಂಥ ಕೆಲಸ ಅಂತ ನಾವು ಆವತ್ತೇ ಕಲಿಯಬೇಕಿತ್ತು.

ಕಾನೂನು ಕಾಪಾಡುತ್ತದೆಯೇ ಅಂದರೆ, ಇಲ್ಲಿ ಅದು ಕೈಗೆ ಸಿಗೋದು ಕಷ್ಟ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದಿಲ್ಲ. ಅಂದರೆ ಪಕ್ಕದ ಮನೆಯವರು ಆ ಕಾಯ್ದೆ ಹಿಡಿದುಕೊಂಡು ಅಣ್ಣನನ್ನು ಪ್ರಶ್ನಿಸೋದು ಸುಲಭವಲ್ಲ. ಕಂಪನಿಗಳ ಕಥೆಯೂ ಕೇಳಿ. ಅಮೆರಿಕದಲ್ಲಿ ಅಮೆಜಾನಿನ ರಿಂಗ್ ಅನ್ನೋ ಡೋರ್‌ಬೆಲ್ ಕಂಪನಿಯ ಮೇಲೆ, ಗ್ರಾಹಕರ ಮನೆಯ ಖಾಸಗಿ ವಿಡಿಯೊಗಳನ್ನು ಸಿಬ್ಬಂದಿಯೇ ನೋಡಲು ಬಿಟ್ಟಿತ್ತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ದೂರು ಹೂಡಿತು. ಕಂಪನಿ 58 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಅಂಥ ದೇಶದಲ್ಲೇ ಹಾಗಾದರೆ, ಹೆಸರೇ ಕೇಳದ ಕಂಪನಿಯ ಸರ್ವರಿನಲ್ಲಿ ಕೂತಿರುವ ದೊಡ್ಡಮ್ಮನ ಗೇಟಿನ ವಿಡಿಯೊ ಯಾರ್‍ಯಾರು ನೋಡುತ್ತಿದ್ದಾರೋ.

ಹಾಗಾದರೆ ಏನು ಹಾಕಬೇಕು? ನಮ್ಮ ಉತ್ತರ ಹಳೇ ಕಾಲದ್ದು ಅಂತ ಅಣ್ಣ ನಕ್ಕ. ನಗಲಿ. ವೈರಿನ ವಿಡಿಯೊ ಡೋರ್ ಫೋನ್ ಹಾಕಿ. ಗೇಟಿನಲ್ಲಿ ಕ್ಯಾಮೆರಾ ಮತ್ತು ಗುಂಡಿ, ಅಡುಗೆಮನೆ ಪಕ್ಕದ ಗೋಡೆಗೆ ಅಂಗೈಗಿಂತ ಸ್ವಲ್ಪ ದೊಡ್ಡ ಪರದೆ, ನಡುವೆ ವೈರು. ಹಳೇ ರಿಸೀವರ್ ಇದ್ದ ಜಾಗದಲ್ಲೇ ಕೂರುತ್ತದೆ. ಇಂಟರ್‌ನೆಟ್ ಬೇಡ, ಆ್ಯಪ್ ಬೇಡ, ತಿಂಗಳ ಬಾಡಿಗೆ ಇಲ್ಲ. ಗುಂಡಿ ಒತ್ತಿದರೆ ಮುಖ ಕಾಣೋದು ಮನೆಯಲ್ಲಿದ್ದವರಿಗೆ. ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ.

ಹಳೇ ವೈರಿಗೇ ಹೊಸ ಸೆಟ್ ಜೋಡಿಸಬಹುದೇ ಅಂತ ಎಲ್ಲರೂ ಕೇಳುತ್ತಾರೆ. ವೈರಿನೊಳಗೆ ಎಷ್ಟು ಎಳೆ ಇವೆ ಅಂತ ಮೊದಲು ಬಿಚ್ಚಿ ನೋಡಿ. ಇಂಥ ಸೆಟ್ಟುಗಳಲ್ಲಿ ಹೆಚ್ಚಿನವು ನಾಲ್ಕು ಎಳೆ ಕೇಳುತ್ತವೆ, ಕರೆಂಟಿಗೆ, ದನಿಗೆ, ಚಿತ್ರಕ್ಕೆ, ಮತ್ತೊಂದು ಇವೆಲ್ಲಕ್ಕೂ ಸೇರಿ. ಎರಡೇ ಎಳೆಯಲ್ಲಿ ನಡೆಯುವ ಸೆಟ್ಟುಗಳೂ ಇವೆ, ಕೊಳ್ಳುವಾಗಲೇ ಕೇಳಬೇಕು. ದೊಡ್ಡಮ್ಮನ ಮನೆಯಲ್ಲಿ ಬಿಚ್ಚಿ ನೋಡಿದರೆ ವೈರನ್ನು ಎರಡು ಕಡೆ ಇಲಿ ಕಡಿದಿತ್ತು, ತುದಿಯ ತಾಮ್ರ ಹಸಿರಾಗಿತ್ತು. ಅಂಥದ್ದಕ್ಕೆ ತೇಪೆ ಹಾಕಬೇಡಿ, ಹೊಸದು ಎಳೆಯಿರಿ. ಗೇಟು ದೂರವಿದ್ದರೆ ತೆಳ್ಳಗಿನ ವೈರು ಸಾಲದು. ದಾರಿಯಲ್ಲೇ ವೋಲ್ಟೇಜ್ ಇಳಿದು ಚಿತ್ರ ನಡುಗುತ್ತದೆ, ರಾತ್ರಿ ದೀಪ ಹತ್ತಿದಾಗ ಇನ್ನೂ ಜಾಸ್ತಿ. ದೂರ ಎಷ್ಟು ಅಂತ ಅಳತೆ ಹಿಡಿದು ಅಂಗಡಿಯವರಿಗೆ ಹೇಳಿ, ಅದಕ್ಕೆ ತಕ್ಕ ದಪ್ಪದ ವೈರು ಕೇಳಿ.

ಮರದಿಂದ ಮರಕ್ಕೆ ವೈರು ಕಟ್ಟುವ ಕೆಲಸ ಮಾತ್ರ ಬೇಡ. ಗರಿ ಬಿದ್ದರೆ ಹರಿಯುತ್ತದೆ, ಸಿಡಿಲಿಗೂ ಅದೇ ದಾರಿ. ಪೈಪಿನೊಳಗೆ ಹಾಕಿ ನೆಲದಲ್ಲಿ ಹೂಳಿ. ಮೋಟರಿನ ವೈರು ಹೋಗುವ ಪೈಪಿನಲ್ಲೇ ತುರುಕಬೇಡಿ, ಗುದ್ದಲಿಗೆ ಸಿಗದಷ್ಟು ಆಳ ಇರಲಿ. ನೆಲದಲ್ಲಿ ಹೂತರೂ ಸಿಡಿಲಿನ ಹೊಡೆತ ಪೂರ್ತಿ ತಪ್ಪಲ್ಲ, ಮೋಡ ಕಟ್ಟಿದರೆ ಒಳಗಿನ ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡೋದು ವಾಸಿ. ಉಳಿದ ದಿನ ಅಡಾಪ್ಟರ್ ಇನ್ವರ್ಟರ್ ಲೈನಿನಲ್ಲಿರಲಿ, ಕರೆಂಟ್ ಹೋದಾಗಲೇ ಗೇಟು ಕಾಣಬೇಕಾದ್ದು. ಕ್ಯಾಮೆರಾವನ್ನು ಸ್ವಲ್ಪ ನಿಮ್ಮ ಗೇಟಿನ ಕಡೆಗೇ ಓರೆ ಮಾಡಿ ಕೂರಿಸಿ. ನಿಮ್ಮ ಗೇಟಿನಲ್ಲಿ ನಿಂತವರು ಕಂಡರೆ ಸಾಕು, ಎದುರು ಮನೆಯ ನಲ್ಲಿ ಕಾಣಬೇಕಾಗಿಲ್ಲ.

ಇದೇ ಸೆಟ್ಟುಗಳಲ್ಲಿ ಫೋನಿಗೂ ಜೋಡಿಸುವ ಥರದ್ದು ಬರುತ್ತದೆ. ಅಣ್ಣ ಈಗ ಅದನ್ನೇ ಹಿಡಿದುಕೊಂಡಿದ್ದಾನೆ, "ವೈರಿಂದೇ ಹಾಕ್ಸು, ಆದ್ರೆ ನಂಗೂ ಕಾಣೋ ಹಾಗಿರ್ಲಿ." ದೊಡ್ಡಮ್ಮನನ್ನೇ ಕೇಳಿದೆವು. ಈ ಮಾತನ್ನು ಅವರಿಗೆ ಕೇಳಿದ್ದು ಅದೇ ಮೊದಲು ಅಂತ ಕಾಣುತ್ತದೆ, ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನಂಗೆ ಹುಷಾರಿಲ್ಲದೆ ಮಲಗಿದಾಗ ಅವನಿಗೆ ಕಾಣ್ಲಿ. ಮಿಕ್ಕಿದ ದಿನ ಬೇಡ. ಹಂಗೆ ಮಾಡೋಕೆ ಬರುತ್ತೇನೋ ಕೇಳು" ಅಂದರು. ಬರುತ್ತದೆ. ಅಂಥ ಸೆಟ್ ತಂದು, ಅದರ ಇಂಟರ್‌ನೆಟ್ ಭಾಗವನ್ನು ಬಂದ್ ಮಾಡಿಟ್ಟು, ಬೇಕಾದಾಗ ಮಾತ್ರ ಅವರೇ ಸ್ವಿಚ್ ಹಾಕಬಹುದು. ಇದನ್ನು ಹೇಳಿದಾಗ ಅಣ್ಣ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಕಾಯಿ ದರದ ವಿಷಯ ಅಮ್ಮಂಗೆ ಅಷ್ಟು ಬೇಜಾರಾಗಿತ್ತಾ?" ಅಂತ ಕೇಳಿದ. ಅವರನ್ನೇ ಕೇಳು ಅಂದೆವು.

ವೈರು ತಂದಾಗಿದೆ, ಸುರುಳಿ ಜಗಲಿಯ ಮೂಲೆಯಲ್ಲಿದೆ. ಬರುವ ಭಾನುವಾರ ಅಣ್ಣ ಊರಿಗೆ ಬರುತ್ತಾನಂತೆ. ಕಾಲುವೆ ತೋಡಲು ಇಬ್ಬರು ಆಳು ಸಿಕ್ಕಿದ್ದಾರೆ, ಗುದ್ದಲಿ ನಾವೂ ಹಿಡಿಯುತ್ತೇವೆ. ಅಲ್ಲಿಯವರೆಗೆ ಕಪ್ಪು ಪೆಟ್ಟಿಗೆಯ ಮೇಲೆ ದೊಡ್ಡಮ್ಮ ಒಂದು ಹಳೇ ಟವೆಲ್ ಹೊದಿಸಿದ್ದಾರೆ. ನೀವು ಆ ಕಡೆ ಹೋದರೆ ಗೇಟಿನ ಹತ್ತಿರ ನಿಂತು ಕೂಗಿ, ಹಿತ್ತಲಿಗೆ ಕೇಳಿಸುತ್ತದೆ.